ಹುಟ್ಟುಹಬ್ಬ ಅಂದ್ರೆ ಪ್ರೋಗ್ರಾಂ ತಾನೆ?

ತಾವು ಎತ್ತಿಟ್ಟ ಸಾಮಾನು ಕಳೆದುಹೋಗುವ ಪ್ರಶ್ನೆಯೇ ಇಲ್ಲ ಎಂಬುದು ಸ್ಟೋರ್‌ಕೀಪರ್ ಸಾಹೇಬರ ಜಂಬ. ಗೋದಾಮಿನಲ್ಲಿ ನಟ್ಟಿಗೊಂದು ಗೂಡು, ಬೋಲ್ಟಿಗೊಂದು ಗೂಡು ಮಾಡಿದ ಮಹಾನುಭಾವರು, ಮನೆಯ ಕಂಪ್ಯೂಟರು ತೆವಳತೊಡಗಿದಾಗ ಸುಮ್ಮನಿರುತ್ತಾರೆಯೇ? ತೋಳೇರಿಸಿದರು.

"ರೀ, ಅದರಲ್ಲಿ ಅಮ್ಮನ ಹಾಡಿದೆ. ಅಂಗಡಿಯವನಿಗೇ ಕೊಡೋಣ," ಎಂದಳು ಹೆಂಡತಿ. ತಾಯಿ ತೀರಿಕೊಂಡ ಮೇಲೆ ದಿನಾ ಸಂಜೆ ಆ ಹಾಡು ಕೇಳಿಯೇ ಅವಳು ಅಡುಗೆಗೆ ಏಳುತ್ತಿದ್ದಳು.

"ನಾನಿರುವಾಗ ಅಂಗಡಿಯವನು ಯಾಕೆ?"

ಕಂಪ್ಯೂಟರನ್ನು ಹೊಸದಾಗಿಸುವ ಗುಂಡಿ ಒತ್ತಿದರು. ನಿಮ್ಮ ಫೈಲುಗಳನ್ನು ಉಳಿಸಲೇ ಎಂದು ಅದು ವಿನಯದಿಂದಲೇ ಕೇಳಿತು. ಉಳಿಸೆಂದು ಅಪ್ಪಣೆಯಾಯಿತು. ಎಲ್ಲ ಮುಗಿದಾಗ ‘ಹಳೆಯದು’ ಎಂಬ ದೊಡ್ಡದೊಂದು ಗಂಟು ಉಳಿದಿತ್ತು. ಹಳೆಯದನ್ನು ಕಂಡರೆ ಸಾಹೇಬರಿಗೆ ಆಗದು. ಅದನ್ನೂ ಗುಡಿಸಿ ಹಾಕಿದರು.

ಕಂಪ್ಯೂಟರು ಕುದುರೆಯಂತೆ ಓಡತೊಡಗಿತು. ಹಾಡು ಮಾತ್ರ ಇರಲಿಲ್ಲ.

ರಿಪೇರಿ ಅಂಗಡಿಗೆ ಫೋನು ಹೋಯಿತು.

"ಎಲ್ಲಿಟ್ಟಿದ್ರಿ ಸಾರ್?"

"ಪ್ರೋಗ್ರಾಂ ಫೈಲ್ಸ್‌ನಲ್ಲಿ. ನಮ್ಮತ್ತೆ ಹುಟ್ಟುಹಬ್ಬದ ದಿನ ಹಾಡಿದ್ದು. ಹುಟ್ಟುಹಬ್ಬ ಅಂದ್ರೆ ಪ್ರೋಗ್ರಾಂ ತಾನೆ?"

"ಸಾರ್, ಅದು ಕಂಪ್ಯೂಟರ್ ತನ್ನ ಸಾಮಾನು ಇಟ್ಕೊಳ್ಳೋ ಜಾಗ. ಬರೆಯೋ ಪ್ರೋಗ್ರಾಂ, ಹಾಡು ಹಾಕೋ ಪ್ರೋಗ್ರಾಂ, ಅಂಥವು. ಹೊಸದು ಮಾಡುವಾಗ ಅದು ಖಾಲಿ. ನಿಮ್ಮ ಡಾಕ್ಯುಮೆಂಟ್ಸ್ ಮುಟ್ಟಲ್ಲ. ‘ಹಳೆಯದು’ ಅಂತ ಒಂದಿರತ್ತೆ, ಅದರಲ್ಲಿ ನೋಡಿ."

ಸಾಹೇಬರು ಫೋನು ಕೆಳಗಿಟ್ಟರು. ಡಾಕ್ಯುಮೆಂಟ್ಸ್ ಎಂದರೆ ಕಾಗದಪತ್ರ ಎಂದು ಅವರ ಲೆಕ್ಕ. ಅಲ್ಲಿ ಕರೆಂಟು ಬಿಲ್ಲು, ನೀರಿನ ಬಿಲ್ಲು, ಮಿಕ್ಸಿಯ ಗ್ಯಾರಂಟಿ ಎಲ್ಲ ಒಂದಿಷ್ಟೂ ಮುಕ್ಕಾಗದೆ ಕೂತಿದ್ದವು.

ಹೆಂಡತಿ ಬೈದಿದ್ದರೆ ಹಾಯೆನಿಸುತ್ತಿತ್ತು. ಅವಳು ಬಾಗಿಲಿಗೆ ಒರಗಿ, "ದನಿ ಮರೆತುಹೋಗತ್ತೆ ರೀ," ಎಂದಳು, ಅಷ್ಟೇ. ಸಾಹೇಬರಿಗೆ ನಾಚಿಕೆಗಿಂತ ಸಂಕಟವೇ ಹೆಚ್ಚಾಯಿತು.

ಬಿಲ್ಲುಗಳ ನಡುವೆ ‘ಸಾಕ್ಷಿ’ ಎಂಬುದೊಂದು ಕಂಡಿತು. ಅತ್ತೆ ತಮ್ಮನ್ನು ಆಡಿಕೊಳ್ಳುತ್ತಿದ್ದುದನ್ನು, ಮುಂದೆ ಜಗಳಕ್ಕೆ ಒದಗಲಿ ಎಂದು, ಅವರೇ ಗುಟ್ಟಾಗಿ ರೆಕಾರ್ಡು ಮಾಡಿದ್ದರು. ಸಾಕ್ಷಿಯೆಂದ ಮೇಲೆ ಅದರ ಜಾಗ ಕಾಗದಪತ್ರದ ಜೊತೆಗೇ. ಬೇರೆ ದಾರಿ ಕಾಣದೆ ಅದನ್ನು ಹಾಕಿದರು.

"ನನ್ನ ಕನ್ನಡಕ ಎಲ್ಲೇ? ಅಳಿಯಂದ್ರು ಎತ್ತಿಟ್ರಾ? ಹಾಗಾದ್ರೆ ಬಿಡು, ಹೊಸದೇ ತಗೊಳ್ಳೋಣ. ಅವರು ಜೋಪಾನ ಮಾಡಿದ್ದು ಅವರಪ್ಪ ಬಂದ್ರೂ ಸಿಗಲ್ಲ."

ಹೆಂಡತಿ ಕಣ್ಣೊರೆಸಿಕೊಂಡು ಕುರ್ಚಿ ಎಳೆದುಕೊಂಡಳು. "ಇನ್ನೊಂದ್ಸಲ ಹಾಕಿ."

ಅಂದಿನಿಂದ ಆ ಮನೆಯಲ್ಲಿ ದಿನಾ ಸಂಜೆ ಸ್ಟೋರ್‌ಕೀಪರ್ ಸಾಹೇಬರಿಗೆ ಅತ್ತೆಯಿಂದ ಮಂಗಳಾರತಿ. ಗುಂಡಿ ಒತ್ತುವವರೂ ಅವರೇ.