ಬೆನ್ನಿನ ಮೇಲಿನ ರೊಟ್ಟಿ

ಸುಳ್ಳು ಹೇಳುವುದು ಅಂಥ ಕಷ್ಟದ ಕೆಲಸವಲ್ಲ. ಹೇಳಿದ ಸುಳ್ಳಿಗೆ ವಾರಕ್ಕೆರಡು ಸಲ ಬಿಸಿ ರೊಟ್ಟಿ ಒದಗಿಸುವುದು ಕಷ್ಟ. ಇದು ನನ್ನ ಅನುಭವದ ಮಾತು. ಹಾಗೆಂದು ನನ್ನ ಅನುಭವವನ್ನು ನೀವು ಪೂರ್ತಿ ನಂಬಬೇಕಾಗಿಲ್ಲ. ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಒಂದೇ ಸಾಕ್ಷಿಯನ್ನು ನೆಚ್ಚಬಾರದೆಂದು ಎರಡು ವರ್ಷ ಕಲಿತು, ಅಂದಿನಿಂದ ಬಿಡದೆ ಡೈರಿ ಬರೆಯುತ್ತಿದ್ದೇನೆ. ನೆನಪು ಒಂದು ಹೇಳಿದರೆ ಡೈರಿ ಇನ್ನೊಂದು ಹೇಳುತ್ತದೆ. ಡೈರಿಯೇ ಸರಿ ಎನ್ನೋಣವೆಂದರೆ ಅದನ್ನು ಬರೆದವಳೂ ನಾನೇ.

ನನಗೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟುರೋಗವಿದೆ. ಹೆಸರು ದೊಡ್ಡದಾದರೂ ವಿಷಯ ಸರಳ. ಉಳಿದವರ ಮೈಯೊಳಗೆ ತೆಳ್ಳಗೆ ಹರಿದುಹೋಗುವ ಕಫ ನನ್ನೊಳಗೆ ಅಂಟಾಗಿ ಕೂರುತ್ತದೆ. ಎದೆಯಲ್ಲಿ ಕೂತು ಕೆಮ್ಮಿಸುತ್ತದೆ. ಹೊಟ್ಟೆಯಲ್ಲಿ ಜೀರ್ಣರಸದ ದಾರಿಗೆ ಅಡ್ಡ ಕೂರುವುದರಿಂದ ಪ್ರತಿ ಊಟದ ಜೊತೆಗೂ ಕ್ಯಾಪ್ಸೂಲ್ ನುಂಗಬೇಕು. ಇಲ್ಲದಿದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಬೆವರಿನಲ್ಲಿ ಉಪ್ಪು ಬಹಳ ಹೋಗುತ್ತದೆ. ಇದು ಪತ್ತೆಯಾದಾಗ ನನಗೆ ಹನ್ನೊಂದು ವರ್ಷ. ಪತ್ತೆಯಾದದ್ದೇ ತಡ, ಧಾರವಾಡದ ನಮ್ಮ ಮನೆಯಲ್ಲಿ ಅವ್ವ, ಅವಳ ತಂಗಿಯರಾದ ಇಬ್ಬರು ಮೌಶಿಯರು, ಕೊನೆಗೆ ಹಾಲು ಹಾಕುವ ಹೆಂಗಸು ಕೂಡ, "ಕೂಸಿಗೆ ಮುದ್ದು ಕೊಟ್ರ ಉಪ್ಪು ಉಪ್ಪು ಹತ್ತತಿತ್ತು, ನಾ ಅವಾಗನ ಅಂದಿದ್ದೆ" ಎಂದು ಹೇಳಿದರು. ನನಗೆ ಅಷ್ಟೊಂದು ಮುದ್ದು ಸಿಕ್ಕ ನೆನಪಿಲ್ಲ.

ದಿನವೂ ಬೆಳಿಗ್ಗೆ ಆರಕ್ಕೆ ಉಪ್ಪುನೀರಿನ ಹಬೆಯನ್ನು ಯಂತ್ರದಿಂದ ಎಳೆದುಕೊಂಡು, ದಿಂಬಿನ ಮೇಲೆ ಬೋರಲಾಗಿ ಮಲಗುತ್ತೇನೆ. ನನ್ನ ಗಂಡ ಪ್ರಸನ್ನ ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಬೆನ್ನನ್ನು ತಟ್ಟುತ್ತಾನೆ. ಕಫ ಸಡಿಲವಾಗುತ್ತದೆ, ನಾನು ಕೆಮ್ಮಿ ಉಗುಳುತ್ತೇನೆ. ಅರ್ಧ ಗಂಟೆಯ ಕೆಲಸ. ಮದುವೆಯಾಗಿ ಆರು ವರ್ಷವಾಯಿತು. ಇಷ್ಟು ನಿಯಮಿತವಾಗಿ ಹೆಂಡತಿಯನ್ನು ಬಡಿದೂ ಒಳ್ಳೆಯ ಗಂಡನೆನಿಸಿಕೊಂಡವನು ನಾವೀಗ ಇರುವ ಈ ಮರಾಠಿ ಊರಿನ ಸದಾಶಿವ ಪೇಠದಲ್ಲಿ ಇವನೊಬ್ಬನೇ ಇರಬೇಕು.

ಕಳೆದ ವರ್ಷ ನಾವು ಎದೆರೋಗದ ಡಾಕ್ಟರನ್ನು ಒಂದು ಮಾತು ಕೇಳಿದೆವು: ನಮಗೆ ಮಗು ಬೇಕು, ಆಗಬಹುದೇ? ಡಾಕ್ಟರಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲೂ ಇಲ್ಲ. ಮೂರು ಕೆಲಸ ಹೇಳಿದರು. ಪ್ರಸನ್ನನ ರಕ್ತಪರೀಕ್ಷೆ ಆಗಬೇಕು, ಏಕೆಂದರೆ ಇದೇ ದೋಷ ಅವನಲ್ಲೂ ಸದ್ದಿಲ್ಲದೆ ಅಡಗಿದ್ದರೆ ಮಗುವಿಗೂ ರೋಗ ಬರಬಹುದು. ಕೊಳವೆಗೆ ಬಾಯಿಟ್ಟು ಊದುವ ಪರೀಕ್ಷೆಯಲ್ಲಿ ನನ್ನ ಉಸಿರಿನ ಅಂಕ ಇಳಿಯಕೂಡದು. ನಾಲ್ಕು ತಿಂಗಳಲ್ಲಿ ನನ್ನ ತೂಕ ನಾಲ್ಕು ಕಿಲೋ ಏರಬೇಕು. "ಇಷ್ಟಾಗಲಿ, ಆಮೇಲೆ ಮಾತಾಡೋಣ" ಎಂದರು. ಆಸ್ಪತ್ರೆಯಿಂದ ಮನೆಯವರೆಗೂ ರಿಕ್ಷಾದಲ್ಲಿ ನಾನು ಅಳುತ್ತಲೇ ಬಂದೆ ಎಂದು ನನ್ನ ನೆನಪು. ಆ ದಿನದ ಡೈರಿಯಲ್ಲಿ ಇರುವುದು ಇಷ್ಟು: "ಆಸ್ಪತ್ರೆ. ರಿಕ್ಷಾ ಸಿಗಲು ತಡ. ಸಂಜೆ ಅವಲಕ್ಕಿ." ಪ್ರಸನ್ನನನ್ನು ಕೇಳಿದರೆ, "ಅಳೋದು ಎಲ್ಲಿ ಬಂತು? ಲಕ್ಷ್ಮಿ ರಸ್ತಾದಿಂದ ಯಾಕ ತಗೊಂಡಿ ಅಂತ ರಿಕ್ಷಾದಾಂವನ ಜೋಡಿ ಜಗಳಾ ಮಾಡ್ಲಿಕ್ಕತ್ತಿದ್ದಿ" ಎನ್ನುತ್ತಾನೆ. ಮೂರೂ ನಿಜವಿರಬಹುದು.

ರಕ್ತಪರೀಕ್ಷೆಯ ಫಲಿತಾಂಶಕ್ಕೆ ಕೆಲವು ವಾರ ಕಾಯಬೇಕಾಯಿತು. ಆ ವಾರಗಳ ಡೈರಿಯಲ್ಲಿ ಬರೀ ಹವಾಮಾನವಿದೆ. ಪ್ರಸನ್ನನ ರಕ್ತದಲ್ಲಿ ಹುಡುಕಿದ ದೋಷ ಸಿಗಲಿಲ್ಲವೆಂದು ಗೊತ್ತಾದ ದಿನ ಬೆಳಗಾವಿಯಲ್ಲಿರುವ ಅತ್ತೆಗೆ ಫೋನ್ ಮಾಡಿದೆವು. "ಅವನ ತಲಿಯೊಳಗ ಹುಡುಕಿದ್ರೂ ಏನೂ ಸಿಗೂದಿಲ್ಲಂತ ಅವನ ಗಣಿತದ ಮಾಸ್ತರು ಭಾಳ ಹಿಂದನ ಹೇಳಿದ್ರು. ಈಗ ರಕ್ತದಾಗೂ ಇಲ್ಲಂತ ಆತು" ಎಂದರು. ನಾವು ನಕ್ಕೆವು. ಆಮೇಲೆ, "ಫೋನ್ ಇಡಬ್ಯಾಡ್ರಿ. ದೇವರ ಮುಂದ ದೀಪಾ ಹಚ್ಚಿ ಬರ್ತೀನಿ" ಎಂದರು. ಬೆಂಕಿಕಡ್ಡಿ ಗೀರುವ ಸದ್ದು ಮೂರು ಸಲ ಕೇಳಿಸಿತು. ಯಾವಾಗಲೂ ಒಂದೇ ಗೀರಿಗೆ ದೀಪ ಹಚ್ಚುವವರು ಅವರು. ಕಡ್ಡಿಪೆಟ್ಟಿಗೆ ತೇವವಾಗಿತ್ತೆಂದು ಅವರ ವಾದ.

ಉಳಿದದ್ದು ತೂಕ. ನನ್ನ ಆಫೀಸಿನಲ್ಲಿ ಹೆಂಗಸರೆಲ್ಲ ತೂಕ ಇಳಿಸುವ ವ್ರತ ಹಿಡಿದವರು. ಸೌತೆಕಾಯಿಯ ಡಬ್ಬಿಗಳ ನಡುವೆ ನಾನು ಅನ್ನಕ್ಕೆ ಮೂರು ಚಮಚ ತುಪ್ಪ ಸುರಿದು, ಮೇಲೆ ಉಪ್ಪು ಉದುರಿಸಿ, ಬೆಣ್ಣೆ ಹಚ್ಚಿದ ಥಾಲಿಪೀಠ ಬಿಚ್ಚುತ್ತಿದ್ದೆ. "ನಿನ್ನ ನಸೀಬು" ಎಂದು ಒಬ್ಬಳು ನಿಟ್ಟುಸಿರು ಬಿಟ್ಟಳು. ಹಸಿವಿಲ್ಲದೆ ತಿನ್ನುವುದು ಹಸಿದೂ ತಿನ್ನದಿರುವುದಕ್ಕಿಂತ ಕಷ್ಟವೆಂದು ಅವಳಿಗೆ ಹೇಳಬೇಕೆನಿಸಿತು. ಹೇಳಲಿಲ್ಲ. ಹೇಳಿದರೆ ಯಾಕೆಂದು ಹೇಳಬೇಕಾಗುತ್ತದೆ. ಕೆಮ್ಮಿನ ವಿಷಯ ಎತ್ತಿದರೆ ಜನ ಮೊದಲು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸುತ್ತಾರೆ. ಇದು ಅಂಟುರೋಗವಲ್ಲ ಎಂದು ವಿವರಿಸಿದರೆ ಅರ್ಧ ಗೇಣು ಮುಂದೆ ಬರುತ್ತಾರೆ. ಉಳಿದ ಅರ್ಧ ಗೇಣು ಹಾಗೆಯೇ ಇರುತ್ತದೆ. ಅದಕ್ಕೇ ನನಗೆ ಮುಚ್ಚಿಡುವುದು ಅಭ್ಯಾಸವಾಗಿದೆ. ಮಗುವಿನ ವಿಷಯವಂತೂ ಕೇಳುವುದೇ ಬೇಡ. ಒಮ್ಮೆ ಬಾಯಿ ಬಿಟ್ಟರೆ ಎಲ್ಲರೂ ತಿಂಗಳು ಎಣಿಸತೊಡಗುತ್ತಾರೆ.

ಸುಳ್ಳು ಹುಟ್ಟಿದ್ದು ಹೀಗೆ. ನಮ್ಮ ಕೆಳಗಿನ ಮನೆಯಲ್ಲಿ ಜೋಶಿ ಆಜಿ ಒಬ್ಬರೇ ಇದ್ದಾರೆ. ಅವರ ಬಾಗಿಲ ಮೇಲೆ ಒಂದು ಬೋರ್ಡಿದೆ: "ಬೆಲ್ ಒಮ್ಮೆ ಒತ್ತಿದರೆ ಸಾಕು, ನಮಗೆ ಕಿವಿ ಕೇಳಿಸುತ್ತದೆ. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕೇಳಿಸುವುದಿಲ್ಲ." ಒಂದು ಬೆಳಿಗ್ಗೆ ಅವರು ಮೆಟ್ಟಿಲ ಮೇಲೆ ನನ್ನನ್ನು ತಡೆದು ಮರಾಠಿಯಲ್ಲಿ ಕೇಳಿದರು: "ಒಂದು ಮಾತು ಕೇಳುತ್ತೇನೆ, ಬೇಜಾರಾಗಬೇಡ. ನೀವಿಬ್ಬರೇ ಇದ್ದೀರಿ. ದಿನಾ ಬೆಳಿಗ್ಗೆ ಅರ್ಧ ಗಂಟೆ ಭಾಕ್ರಿ ತಟ್ಟುತ್ತೀರಿ. ಅಷ್ಟು ಭಾಕ್ರಿ ತಿನ್ನುವವರು ಯಾರು?"

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ನನ್ನ ಬೆನ್ನಿನ ಸದ್ದು ಕೆಳಗೆ ಜೋಳದ ರೊಟ್ಟಿ ತಟ್ಟುವ ಸದ್ದಾಗಿ ಕೇಳಿಸುತ್ತಿದೆ. ನಿಜ ಹೇಳಲು ಅದು ಒಳ್ಳೆಯ ಅವಕಾಶವಾಗಿತ್ತು. ನಾನು ಹೇಳಿದ್ದು, "ನಾವು ಧಾರವಾಡದ ಕಡೆಯವರು ಆಜಿ, ರೊಟ್ಟಿ ಇಲ್ಲದೆ ನಡೆಯುವುದಿಲ್ಲ." ಆಜಿಯ ಮುಖ ಅರಳಿತು. "ಹಾಗಿದ್ದರೆ ನನಗೂ ಎರಡು ಕೊಡು. ಬುಧವಾರ, ಶನಿವಾರ. ನನ್ನ ಸೊಸೆ ಊರಿನ ಆ ತುದಿಗೆ ಕೊಂಢವಾದಲ್ಲಿದ್ದಾಳೆ. ಅವಳಿಗೆ ಭಾಕ್ರಿ ಎಂದರೆ ಫೋಟೋದಲ್ಲಿ ನೋಡುವ ಪದಾರ್ಥ."

ಇಲ್ಲಿ ಒಂದು ಸಂಗತಿ ಒಪ್ಪಿಕೊಳ್ಳಬೇಕು. ನನಗೂ ರೊಟ್ಟಿ ಬರುವುದಿಲ್ಲ. ಧಾರವಾಡದಲ್ಲಿ ಹುಟ್ಟಿದವಳಿಗೆ ಇದಕ್ಕಿಂತ ದೊಡ್ಡ ರೋಗವಿಲ್ಲ. ಚಿಕ್ಕಂದಿನಲ್ಲಿ ಹಿಟ್ಟಿನ ಧೂಳಿಗೆ ಕೆಮ್ಮುತ್ತಾಳೆಂದು ನನ್ನನ್ನು ಒಲೆಯ ಹತ್ತಿರ ಬಿಟ್ಟಿರಲಿಲ್ಲ. ಹೀಗಾಗಿ ಎರಡು ತಿಂಗಳು, ಬುಧವಾರ ಮತ್ತು ಶನಿವಾರ, ಹಿಂದಿನ ಗಲ್ಲಿಯಲ್ಲಿ ರೊಟ್ಟಿ ಮಾಡಿ ಮಾರುವ ಸೊಲ್ಲಾಪುರದ ಹೆಂಗಸಿನಿಂದ ಎರಡು ರೊಟ್ಟಿ ತಂದು, ಹಂಚಿನ ಮೇಲೆ ಬಿಸಿ ಮಾಡಿ, ಬಟ್ಟೆಯಲ್ಲಿ ಸುತ್ತಿ, ಹಣೆಯ ಬೆವರು ಒರೆಸಿಕೊಳ್ಳುತ್ತ ಕೆಳಗೆ ಇಳಿಯುತ್ತಿದ್ದೆ. ಬೆವರು ಮಾತ್ರ ನಿಜವಾದದ್ದು. ಆಜಿ ಮುರಿದು ಬಾಯಿಗಿಟ್ಟು, "ಕೈ ಚೆನ್ನಾಗಿದೆ" ಎನ್ನುತ್ತಿದ್ದರು. ನಾನು ತಲೆ ತಗ್ಗಿಸುತ್ತಿದ್ದೆ. ಅವರು ಅದನ್ನು ವಿನಯವೆಂದುಕೊಂಡರು.

ಎರಡು ತಿಂಗಳಿಗೆ ತೂಕ ಏರಿದ್ದು ಒಂದು ಕಿಲೋ ಮಾತ್ರ. ಸುದ್ದಿ ಕೇಳಿ ಅತ್ತೆ ಬೆಳಗಾವಿಯಿಂದ ಬಂದಿಳಿದರು, ತುಪ್ಪದ ಡಬ್ಬಿಯೊಂದಿಗೆ. ಬಂದ ದಿನವೇ ಶನಿವಾರ. ಬಟ್ಟೆಯಲ್ಲಿ ಸುತ್ತಿದ್ದ ರೊಟ್ಟಿಯನ್ನು ಎತ್ತಿ ಬೆಳಕಿಗೆ ಹಿಡಿದು, ಅದರ ಮೇಲಿನ ಬೆರಳಗುರುತು ನೋಡಿ, "ಇದು ಯಾರ ಕೈ?" ಎಂದರು.

"ನಂದ ರಿ, ಅತ್ಯಾರ."

"ನಿನ್ನ ಬೆರಳು ಇಷ್ಟು ದಪ್ಪ ಯಾವಾಗ ಆದ್ವು?"

ಎಲ್ಲವನ್ನೂ ಹೇಳಿದೆ. ಸೆರಗು ಬಾಯಿಗೊತ್ತಿ ನಕ್ಕರು. ಮರುದಿನ ಬೆಳಿಗ್ಗೆ ಪ್ರಸನ್ನ ನನ್ನ ಬೆನ್ನು ತಟ್ಟುವುದನ್ನು ಬಾಗಿಲಲ್ಲಿ ನಿಂತು ನೋಡಿದರು. ಆರು ವರ್ಷದಲ್ಲಿ ಅವರು ಅದನ್ನು ನೋಡಿದ್ದು ಅದೇ ಮೊದಲು. ಅವರು ಬಂದಾಗಲೆಲ್ಲ ನಾನು ಕೋಣೆಯ ಕದ ಹಾಕಿಸುತ್ತಿದ್ದೆ. "ಸರಿ ಅತ್ಲಾಗ. ಗಾದಿ ಝಾಡಿಸ್ಲಿಕ್ಕತ್ತೀಯೇನು?" ಎಂದು ಮಗನನ್ನು ಎಬ್ಬಿಸಿ ತಾವು ಕೂತರು. ಅಂಗೈ ಚಪ್ಪಟೆ ಇರಬಾರದು, ಬಾಗಿರಬೇಕು ಎಂದೆ. "ತೀರ್ಥಾ ತಗೋಳೋ ಹಂಗ?" ಎಂದು ಕೇಳಿ ಶುರು ಮಾಡಿದರು. ನಲವತ್ತು ವರ್ಷ ರೊಟ್ಟಿ ತಟ್ಟಿದ ಕೈ. ಒಂದೇ ಲಯ, ಎಲ್ಲಿಯೂ ನೋವಿಲ್ಲ, ಎಲ್ಲಿಯೂ ಬಿಟ್ಟುಹೋಗಲಿಲ್ಲ. ನಡುವೆ ನನ್ನ ಬೆನ್ನಿನ ಎಲುಬುಗಳ ಮೇಲೆ ಆ ಕೈ ಒಮ್ಮೆ ನಿಂತಿತು. "ಇಷ್ಟು ಸಣ್ಣ ಇದ್ದೀಯೇನವಾ" ಎಂದರು, ನನಗಲ್ಲ, ಬೆನ್ನಿಗೆ. ಬೋರಲಾಗಿ ಮಲಗಿದ್ದರಿಂದ ನನ್ನ ಮುಖ ಕಾಣುವಂತಿರಲಿಲ್ಲ. ಡೈರಿಯಲ್ಲಿ ಆ ದಿನ "ಕಫ ಚೆನ್ನಾಗಿ ಬಂತು" ಎಂದಿದೆ.

ಅಂದಿನಿಂದ ಮನೆಯಲ್ಲಿ ಎರಡು ಸದ್ದು. ಮೊದಲು ನನ್ನ ಬೆನ್ನು, ಆಮೇಲೆ ನಿಜವಾದ ರೊಟ್ಟಿ. ಐದನೆಯ ದಿನ ಜೋಶಿ ಆಜಿಗೆ ತಡೆಯಲಾಗಲಿಲ್ಲ. ಹಾಲು ತೆಗೆದುಕೊಳ್ಳಲು ಪ್ರಸನ್ನ ತೆರೆದಿದ್ದ ಬಾಗಿಲಿನಿಂದ, "ಏನು, ಖಾನಾವಳಿ ಹಾಕಿದಿರಾ?" ಎನ್ನುತ್ತ ಒಳಗೇ ಬಂದರು. ನಾನು ದಿಂಬಿನ ಮೇಲೆ ಬೋರಲು. ಅತ್ತೆಯ ಎರಡೂ ಕೈ ನನ್ನ ಬೆನ್ನ ಮೇಲೆ. ತಟ್ಟುವುದನ್ನು ನಿಲ್ಲಿಸದೆ ಅತ್ತೆ ಬೆಳಗಾವಿಯ ಮರಾಠಿಯಲ್ಲಿ ಎಲ್ಲವನ್ನೂ ಹೇಳಿದರು: ರೋಗ, ಕಫ, ತೂಕ. ಮಗುವಿನ ವಿಷಯ ಮಾತ್ರ ಹೇಳಲಿಲ್ಲ. ನಾನು ಕೆಮ್ಮಿದೆ, ತಡೆದುಕೊಳ್ಳದೆ, ಪೂರ್ತಿ. ಆಜಿ ಹಿಂದೆ ಸರಿಯುತ್ತಾರೇನೋ ಎಂದು ವಾರೆಗಣ್ಣಿನಲ್ಲಿ ನೋಡಿದೆ. ಅವರು ಮಂಚದ ತುದಿಯಲ್ಲಿ ಕೂತರು. "ಅಂದರೆ ಇಷ್ಟು ದಿನ ನಾನು ತಿಂದದ್ದು?" ಎಂದರು.

"ಹಿಂದಿನ ಗಲ್ಲಿಯದು" ಎಂದೆ.

"ಅನುಮಾನವಿತ್ತು. ಭಾಕ್ರಿ ಚೆನ್ನಾಗಿರುತ್ತಿತ್ತು" ಎಂದರು.

ಆ ಸಂಜೆಯೇ ಅಂಟಿನ ಉಂಡೆಗಳ ಡಬ್ಬಿ ಮೇಲೆ ಬಂತು. ಅಂಟು, ಕೊಬ್ಬರಿ, ಉತ್ತುತ್ತಿ, ಹಿಡಿದರೆ ಬೆರಳೆಲ್ಲ ತುಪ್ಪ. ಅತ್ತೆ ಒಂದನ್ನು ಎತ್ತಿ ನನ್ನ ಮುಖ ನೋಡಿದರು. "ಇವು ಬಾಣಂತ್ಯಾರ ಉಂಡಿ. ನಾ ಏನೂ ಹೇಳಿಲ್ಲ ನೋಡವಾ." ನಾನೂ ಹೇಳಿರಲಿಲ್ಲ. ಡಬ್ಬಿ ಮರಳಿಸಲು ಹೋದಾಗ ಆಜಿ, "ತೂಕಕ್ಕೆ ಒಳ್ಳೆಯದು" ಎಂದಷ್ಟೇ ಹೇಳಿ ಮತ್ತೆ ತುಂಬಿಕೊಟ್ಟರು. ಹಾಗೆ ಆರು ಡಬ್ಬಿಗಳಾದವು.

ನಾಲ್ಕು ತಿಂಗಳು ತುಂಬಿದ ದಿನ ಆಸ್ಪತ್ರೆಗೆ ಹೋದೆವು. ತೂಕದ ಯಂತ್ರ ಹತ್ತುವಾಗ ಪ್ರಸನ್ನ ತನ್ನ ಮೊಬೈಲನ್ನೂ ನನ್ನ ಜೇಬಿನಲ್ಲಿಡಲು ನೋಡಿದ, ನಾನು ಒಪ್ಪಲಿಲ್ಲ. ಈ ವಿಷಯದಲ್ಲೊಂದು ಸುಳ್ಳು ಬೇಡವೆನಿಸಿತು. ಕೊಳವೆಯನ್ನು ಊದಿದೆ. ಊದುವಾಗ ಒಂದು ಹೆದರಿಕೆ ಬಂತು: ನನಗೇ ಅಳತೆಯಲ್ಲಿ ಸಿಗುವ ಉಸಿರು ಇಬ್ಬರಿಗೆ ಸಾಲುತ್ತದೆಯೇ? ಮಗು ಬಂದರೆ, ಅದು ದೊಡ್ಡದಾಗುವವರೆಗೆ ಇದು ಬಾಳುತ್ತದೆಯೇ? ಅಂಕ ಇಳಿದಿರಲಿಲ್ಲ. ತೂಕ ಮೂರು ಕಿಲೋ ಎಂಟುನೂರು ಏರಿತ್ತು. ಇನ್ನೂರು ಗ್ರಾಂ ಕಡಿಮೆ. ಡಾಕ್ಟರಮ್ಮ ಕಾಗದಗಳನ್ನು ತಿರುವಿದರು, ಎರಡು ಮಾತ್ರೆ ಬದಲಿಸಿದರು, ಒಂದು ಹೊಸದು ಬರೆದರು. "ಪ್ರಯತ್ನ ಮಾಡಿ. ತಡವಾಗಬಹುದು, ಆಗದೆಯೂ ಇರಬಹುದು. ಆದರೆ ಬೇಡವೆನ್ನಲು ನನ್ನ ಹತ್ತಿರ ಈಗ ಕಾರಣವಿಲ್ಲ" ಎಂದರು. ಮರಳುವಾಗ ರಿಕ್ಷಾದವನು ಲಕ್ಷ್ಮಿ ರಸ್ತೆಯಿಂದಲೇ ಬಂದ. ನಾನು ಜಗಳವಾಡಲಿಲ್ಲ. ಇದಕ್ಕೆ ಪ್ರಸನ್ನನೇ ಸಾಕ್ಷಿ.

ಮರುದಿನ ಬೆಳಿಗ್ಗೆ ನನ್ನ ಸರದಿ ಮುಗಿದ ಮೇಲೆ ಅತ್ತೆ ಏಳಲಿಲ್ಲ. ನನ್ನ ಕಡೆ ಬೆನ್ನು ಮಾಡಿ ಕೂತರು. "ಇಷ್ಟು ವರ್ಷ ಬರೇ ತಟ್ಟಿಸಿಕೊಂಡಿ. ಈಗ ತಟ್ಟೂದು ಕಲಿ. ಕೂಸು ತಟ್ಟದ ಮಲಗೂದಿಲ್ಲ" ಎಂದರು. ತಟ್ಟಿದೆ. "ಅಷ್ಟು ಜೋರ ಬಡದ್ರ ಮಲಗಿದ್ದು ಏಳತದ" ಎಂದರು. ಮೆಲ್ಲಗೆ ತಟ್ಟಿದೆ. "ಈಗ ಹಸಿವ್ಯಾತೇನು ಅಂತ ಕೂಸಿನ್ನ ಎಬ್ಬಿಸಿ ಕೇಳಿದಂಗ ಆತು. ಹೂಂ, ಇನ್ನೊಮ್ಮೆ." ಅವರ ಬೆನ್ನು ಅಗಲವಾಗಿ, ಬೆಚ್ಚಗಿತ್ತು. ಹತ್ತು ನಿಮಿಷದಲ್ಲಿ ನನಗೆ ಏದುಸಿರು ಬಂತು, ಅವರಿಗೆ ತೂಕಡಿಕೆ.

ಕೆಳಗೆ ಇಳಿಯುವಾಗ ಜೋಶಿ ಆಜಿ ತಮ್ಮ ಬೋರ್ಡಿನ ಧೂಳು ಒರೆಸುತ್ತಿದ್ದರು. "ಇವತ್ತು ಎರಡನೆಯ ಸಲ ತಟ್ಟಿದ್ದು ಯಾರು?" ಎಂದರು.

"ನಾನು, ಆಜಿ."

"ಅಂದುಕೊಂಡೆ. ಲಯವಿಲ್ಲ. ಇರಲಿ, ಸಮಯವಿದೆ, ಕಲಿಯುತ್ತೀಯ."

ಗಲ್ಲಿಯಿಂದ ಕೊಂಡುತಂದ ರೊಟ್ಟಿಗೆ ಎರಡು ತಿಂಗಳು "ಕೈ ಚೆನ್ನಾಗಿದೆ" ಎಂದವರು, ನಾನು ಜನ್ಮದಲ್ಲಿ ಮೊದಲ ಸಲ ನಿಜವಾಗಿ ತಟ್ಟಿದ ದಿನವೇ ತಪ್ಪು ಹಿಡಿದರು. ಇದನ್ನೆಲ್ಲ ಬರೆಯೋಣವೆಂದು ಈಗ ಡೈರಿ ತೆಗೆದರೆ ಆ ದಿನದ ಪುಟ ಖಾಲಿ ಇದೆ. ನೆನಪಿರುತ್ತದೆ ಬಿಡು ಎಂದುಕೊಂಡಿರಬೇಕು, ನಾನು.