ಏಳನೇ ಮೋಟಾರಿನ ಸರದಿ

ದೇವಾಪುರದಲ್ಲಿ ನನ್ನ ಸೋದರಮಾವನ ಬಾವಿ ಮೋಟಾರು ಸುಟ್ಟಿದ್ದು ವೋಲ್ಟೇಜಿನಿಂದ ಎಂದು ಊರೆಲ್ಲ ಹೇಳುತ್ತದೆ. ಆ ವೋಲ್ಟೇಜನ್ನು ಅಳೆದವರು ಯಾರು? ಸಾಕ್ಷಿ ಎಲ್ಲಿ? ಪಾಪ, ತನ್ನ ಪರವಾಗಿ ವಾದಿಸಲು ವೋಲ್ಟೇಜಿಗೆ ಬಾಯಿಲ್ಲ. ನನಗೆ ಬಾಯಿ ಬಿಟ್ಟರೆ ಬೇರೇನೂ ಇಲ್ಲ. ಮೋಟಾರು ಸುಟ್ಟವಳು ನಾನು.

ಮಾವನದು, ಅಕ್ಕಪಕ್ಕದ ಹೊಲದವರದು ಸೇರಿ ಎಂಟು ಮೋಟಾರು. ಪ್ರತಿ ಸ್ಟಾರ್ಟರ್ ಡಬ್ಬಿಯಲ್ಲೂ ಒಂದು ಸಿಮ್ಮು. ಬಾವಿಯಲ್ಲಿ ನೀರು ತಳ ಕಂಡರೆ ಡಬ್ಬಿಯು ಸುರಪುರದಲ್ಲಿರುವ ನನ್ನ ಕಂಪ್ಯೂಟರಿಗೆ ಸುದ್ದಿ ಕಳಿಸಬೇಕು. ಅಲ್ಲಿ ಸದಾ ಎಚ್ಚರವಿರುವ ಪ್ರೋಗ್ರಾಮು, ಅದಕ್ಕೆ ಡೀಮನ್ ಎಂದು ಹೆಸರು, ಮೋಟಾರನ್ನು ಬಂದ್ ಮಾಡಬೇಕು. ನೀರಿಲ್ಲದೆ ಓಡಿದರೆ ಸುಟ್ಟುಹೋಗುತ್ತದಲ್ಲ! ಪ್ರಶ್ನೆ ಒಂದೇ: ಎಂಟು ಮೋಟಾರುಗಳ ಮಾತನ್ನು ಒಂದು ಪ್ರೋಗ್ರಾಮು ಕೇಳುವುದು ಹೇಗೆ?

ಜೊತೆಗೆ ಕೋಡ್ ಬರೆಯುತ್ತಿದ್ದ ಗೆಳತಿ ನಾಗರತ್ನ, ಅಂಗಡಿಯ ಮುಂದೆ ನಿಂತು ಮಂಡಕ್ಕಿ ಸುಸಲಾ ತಿನ್ನುತ್ತಲೇ ತೀರ್ಪು ಕೊಟ್ಟಳು: "ಈ ಅಂಗಡಿ ಅಕ್ಕನ್ನ ನೋಡು. ಒಬ್ಬೊಬ್ಬರ ಮುಂದ ನಿಂತು ಕಾಯ್ತಾಳೇನು? ಯಾರು ಒದರ್ತಾರೋ ಅವರ ಕಡಿ ಹೊಳ್ಳತಾಳ. ಹಂಗ ಬರಿ."

ಚರ್ಚಾಸ್ಪರ್ಧೆಯಲ್ಲಿ ಮೂರು ಕಪ್ಪು ಗೆದ್ದವಳು ನಾನು, ಬಿಡುತ್ತೇನೆಯೇ? "ಒದರಿದವರ ಮಾತ್ ಕೇಳೋದು ಸಂತಿ. ಸರದಿ ಪ್ರಕಾರ ಕೇಳೋದು ಸಭಾ!"

ಹೀಗೆ ನನ್ನ ಡೀಮನ್ ಸಭಾಧ್ಯಕ್ಷನಾಯಿತು. ಒಂದನೇ ಮೋಟಾರನ್ನು ಕೇಳುತ್ತದೆ, ಉತ್ತರಕ್ಕೆ ಕಾಯುತ್ತದೆ, ಆಮೇಲೆ ಎರಡನೆಯದು. ನಡುವೆ ಬಾಯಿ ಹಾಕಿದವರಿಗೆ ಅವಕಾಶವಿಲ್ಲ!

"ಎಷ್ಟೊತ್ತು ಕಾಯಬೇಕಂತ ಬರದೀ?" ಎಂದಳು ನಾಗರತ್ನ.

"ಉತ್ತರ ಬರೋತನಕ. ಮರ್ಯಾದಿ ಅಂದ್ರ ಅದ!"

ಒಂದು ವಾರವೂ ಕಳೆದಿರಲಿಲ್ಲ. ಮೂರನೇ ಮೋಟಾರಿನ ಬಸಣ್ಣ ಡಬ್ಬಿಯ ಸಿಮ್ಮು ಕಿತ್ತು, ತನ್ನ ಫೋನಿಗೆ ಹಾಕಿಕೊಂಡು ಅಬ್ಬೆತುಮಕೂರಿನ ಮಠಕ್ಕೆ ಹೋದ. ತ್ರೀಫೇಸ್ ಕರೆಂಟು ಬಂತು, ಮೋಟಾರುಗಳೆಲ್ಲ ಎದ್ದವು. ಡೀಮನ್ ಗೌರವಾನ್ವಿತ ಮೂರನೇ ಮೋಟಾರಿಗೆ ಪ್ರಶ್ನೆ ಹಾಕಿ ಸವಿನಯವಾಗಿ ಕಾಯತೊಡಗಿತು.

ಮಾವ ಫೋನು ಮಾಡಿದರು. "ಯವ್ವಾ, ಬಾವ್ಯಾಗ ನೀರ್ ಖಾಲಿ ಆಗ್ಯಾವ. ಮೋಟಾರ್ ಗರಗರ ಅನ್ನಾಕತ್ತದ. ಬಂದ್ ಮಾಡ್ಲೇನು?"

"ಕೈ ಹಚ್ಚಬ್ಯಾಡ್ರಿ ಮಾವಾ! ಡೀಮನ್ ನೋಡ್ಕೋತದ."

"ಸುಟ್ಟ ವಾಸನಿ ಬರಾಕತ್ತದವ್ವಾ!"

"ನಿಮ್ಮ ಸರದಿ ಏಳನೇದ್ರಿ. ಇನ್ನಾ ಮೂರನೇದು ನಡದದ. ಜರಾ ತಡೀರಿ!"

ಮಾವ ತಡೆದರು. ಮೋಟಾರು ತಡೆಯಲಿಲ್ಲ.

ನಾಗರತ್ನ ಒಂದೇ ಮಧ್ಯಾಹ್ನದಲ್ಲಿ ಸಭೆಯನ್ನು ಕಿತ್ತುಹಾಕಿ ಸುಸಲಾ ಅಂಗಡಿ ಮಾಡಿದಳು. ಕರೆದವರ ಕಡೆ ಹೊರಳುವ ಡೀಮನ್. ಬಸಣ್ಣ ಬರಲಿ, ಬಿಡಲಿ, ಅದಕ್ಕೆ ಚಿಂತೆಯಿಲ್ಲ. "ಮಾವನ ಮೋಟಾರ್ ರಿಪೇರಿ ಆಗೋತನಕ ನಿನ್ನ ಕಪ್ಪಿನ್ಯಾಗ ನೀರ್ ತುಂಬಿ ಹೊಲಕ್ಕ ಹಾಕು," ಎಂದಳು. ನಾನು ಸೋಲು ಒಪ್ಪಿಕೊಂಡೆ. ಜೀವನದಲ್ಲಿ ಮೊದಲ ಸಲ!

ಸುಟ್ಟ ಮೋಟಾರನ್ನು ಟಂಟಂ ಆಟೊದಲ್ಲಿ ಹೇರಿಕೊಂಡು ನಾನೂ ಮಾವನೂ ಶಹಾಪುರಕ್ಕೆ ಹೊರಟೆವು. ದಾರಿಯಲ್ಲಿ ಕೇಳಿದವರಿಗೆಲ್ಲ ಮಾವ ಹೇಳಿದ್ದೊಂದೇ: "ವೋಲ್ಟೇಜ್ ರೀ, ವೋಲ್ಟೇಜ್!"

ಓಹೋ, ಊರಿನ ಕಥೆಯ ಮೂಲ ಪಕ್ಕದಲ್ಲೇ ಕುಳಿತಿತ್ತು!

"ಮಾವಾ, ಖರೇ ಹೇಳ್ರಿ," ಎಂದೆ. "ಈ ಕಥಿ ಕಟ್ಟಿದ್ದು ನನ್ನ ಮರ್ಯಾದಿ ಉಳಸಾಕೋ, ನನ್ನ ಮಾತ್ ಕೇಳಿ ಕೈ ಕಟ್ಟಿ ನಿಂತ ನಿಮ್ಮ ಮರ್ಯಾದಿ ಉಳಸಾಕೋ?"