ನಮ್ಮ ಗಾಡಿಯ ಖಡಖಡ

ಬನಹಟ್ಟಿಯಲ್ಲಿ ಕಾರು ಇಟ್ಟವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕಾರು ರಿಪೇರಿ ಮಾಡಿಸುವುದು ಹೇಗೆಂದು ತಿಳಿದವಳು ನಾನೊಬ್ಬಳೇ! ಹಾಗಂತ ನಾನೇ ತೀರ್ಮಾನ ಮಾಡಿಬಿಟ್ಟಿದ್ದೆ. ಮೂರನೇ ಇಯತ್ತೆಗೇ ಶಾಲೆ ಬಿಟ್ಟವರಿಗೆ ಧೈರ್ಯ ಸ್ವಲ್ಪ ಜಾಸ್ತಿ.

ನಮ್ಮ ಯಜಮಾನರು ಸೀರೆ ವ್ಯಾಪಾರಕ್ಕೆಂದು ಇಟ್ಟಿದ್ದ ಬಿಳಿ ಕಾರದು. ಅವರಿದ್ದಾಗ ಮುಂದಿನ ಸೀಟು ಸೀರೆಗಂಟಿಗೆ, ಹಿಂದಿನದು ನನಗೆ. ಹೆಂಡತಿಗಿಂತ ಗಂಟಿಗೆ ಮರ್ಯಾದೆ ಹೆಚ್ಚು! ಅವರು ಹೋದ ಮೇಲೂ ನಾನು ಮುಂದೆ ಕೂತವಳಲ್ಲ. ಪಕ್ಕದ ಮನೆಯ ಶಿವಾಜಿ ಓಡಿಸುತ್ತಾನೆ, ನಾನು ಹಿಂದೆ ಮಹಾರಾಣಿಯಂತೆ ಕೂಡುತ್ತೇನೆ.

ಈ ಸಲದ ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ ರಸ್ತೆಯ ಪಕ್ಕ ಕಾರು ನಿಲ್ಲಿಸಿ ನಾವಿಬ್ಬರೂ ಚಹಾ ಕುಡಿಯುತ್ತಿದ್ದೆವು. ಕಬ್ಬು ಹೇರಿದ ಟ್ರೇಲರೊಂದು ಹಿಂದಕ್ಕೆ ಬಂತು, ಬಂತು, ಬಂದೇಬಿಟ್ಟಿತು! ಕಾರಿನ ಬಾಗಿಲು ಸುಟ್ಟ ಹಪ್ಪಳದಂತೆ ಮುದುಡಿತು.

"ಶಿವಾಜಿ, ಒಂದ ಗೀರು ಉಳೀಬಾರ್ದು! ಗ್ಯಾರೇಜಿನ್ಯಾಗ ನಾನ ಕುಂತು ಮಾಡಿಸ್ತೀನಿ."

"ನೀವು ಕುಂತ್ರ ಮೆಕ್ಯಾನಿಕ್ ಊರು ಬಿಡ್ತಾನ್ರೀ ಆಯೀ!"

ಮೆಕ್ಯಾನಿಕ್ ಹೊಳಬಸಪ್ಪ ಊರು ಬಿಡಲಿಲ್ಲ. ಆಯಿಲ್ ಡಬ್ಬಿಯೊಂದನ್ನು ಬೋರಲು ಹಾಕಿ ನನ್ನನ್ನು ಕೂಡಿಸಿದ. ಅದೇ ನನ್ನ ಸಿಂಹಾಸನ! ಸೊಂಟ ಹಿಡಿದರೂ ಸಿಂಹಾಸನ ಬಿಡಬಾರದಲ್ಲ. ಟ್ರ್ಯಾಕ್ಟರಿನವರು, ಮಗ್ಗದವರು, ಹಾಲಿನ ಗಾಡಿಯವರು ಎಲ್ಲರೂ ಅಲ್ಲಿಗೆ ಬರುವವರೇ. ಯಾರ ಸೊಸೆ ತವರಿಗೆ ಹೋದಳು, ಯಾರ ಎಮ್ಮೆ ಈದಿತು, ಎಲ್ಲಕ್ಕೂ ನನ್ನದೇ ತೀರ್ಪು. ನಾನು ತಂದ ರೊಟ್ಟಿ, ನಂಚಿಕೊಳ್ಳಲು ಶೇಂಗಾ ಹಿಂಡಿ ಅವರಿಗೆ. ಅವರ ಮಾತು ನನಗೆ.

ಒಂದು ದಿನ ಹೊಳಬಸಪ್ಪ ಕೈ ಒರೆಸಿಕೊಂಡ. "ಆತ್ರಿ ಯವ್ವಾ, ಗಾಡಿ ಒಯ್ರಿ."

ಬಾಗಿಲ ಮೇಲೆ ಗೀರು ಹುಡುಕಿದೆ, ಒಂದೂ ಸಿಗಲಿಲ್ಲ! ಮನೆಗೆ ಬಂದೆ. ನಮ್ಮ ಮನೆಯಲ್ಲಿ ನನ್ನ ಹೊರತು ಬಾಯಿ ಇದ್ದದ್ದು ಕುಕ್ಕರಿಗೆ ಮಾತ್ರ. ಅದೂ ನಾಲ್ಕು ಸಲ ಕೂಗಿ ಸುಮ್ಮನಾಗುತ್ತದೆ. ಆಮೇಲೆ ಗೋಡೆ ಗಡಿಯಾರ, ನಾನು. ಅದು ಟಿಕ್ ಅಂದರೆ ನಾನು ಹೂಂ ಅನ್ನಬೇಕು.

ಮರುದಿನವೇ ಗ್ಯಾರೇಜಿಗೆ ದಂಡಯಾತ್ರೆ!

"ಹಾರ್ನಿಗೆ ನೆಗಡಿ ಆಗೇತಿ ತಮ್ಮಾ."

ಹೊಳಬಸಪ್ಪ ನೋಡಿದ. ಮತ್ತೆ ಬಂದೆ.

"ಕನ್ನಡಿ ಸರಿ ಇಲ್ಲ. ಮಾರಿ ತುಂಬ ಸುಕ್ಕು ಕಾಣತಾವ."

"ಕನ್ನಡಿ ಬರೋಬ್ಬರಿ ಐತ್ರಿ ಯವ್ವಾ. ಅದ ಅದರ ತಪ್ಪು."

ನೆಪಗಳ ಖಜಾನೆ ಬರಿದಾಯಿತು. ಕೊನೆಗೆ ಬ್ರಹ್ಮಾಸ್ತ್ರ ಹೂಡಿದೆ. ಹುರಿದ ಶೇಂಗಾವನ್ನು ಸ್ಟೀಲ್ ಡಬ್ಬಿಗೆ ಹಾಕಿ ಹಿಂದಿನ ಸೀಟಿನ ಕೆಳಗೆ ತುರುಕಿದೆ. ಗಾಡಿ ಹೊರಟರೆ ಖಡಖಡ! ಶಿವಾಜಿಯೇ ಗಾಬರಿಯಾದ.

"ಆಯೀ, ಗಾಡಿ ಬಿಚ್ಚಿ ಬೀಳಾಕತ್ತೇತಿ!"

"ಹೊಡಿ ಗ್ಯಾರೇಜಿಗೆ!"

ಹೊಳಬಸಪ್ಪ ಕಾರು ತೆಗೆದುಕೊಂಡು ಒಂದು ಸುತ್ತು ಹೋದ. ಬರುವಾಗ ಸದ್ದೇ ಇಲ್ಲ! ಇಳಿದವನ ಕೈಯಲ್ಲಿ ನನ್ನ ಡಬ್ಬಿ, ಬಾಯಲ್ಲಿ ನನ್ನ ಶೇಂಗಾ.

"ಕೇಳ್ರೆಪಾ! ಸೀಟಿನ ಬುಡಕ ಶೇಂಗಾ ಬೆಳಿತಾವ, ಅದೂ ಹುರದದ್ದು!"

ಗ್ಯಾರೇಜಿಗೆ ಗ್ಯಾರೇಜೇ ನಕ್ಕಿತು. ನಾನೂ ನಗಲು ನೋಡಿದೆ, ಆಗಲಿಲ್ಲ. ಇನ್ನು ಯಾವ ಮುಖ ಹೊತ್ತು ಇಲ್ಲಿಗೆ ಬರಲಿ? ಸೆರಗು ಹೊದ್ದು ಆಯಿಲ್ ಡಬ್ಬಿಯಿಂದ ಎದ್ದೆ.

ಹೊಳಬಸಪ್ಪ ಶೇಂಗಾ ಡಬ್ಬಿ ಕೆಳಗಿಟ್ಟ. ಬೋಲ್ಟು ಬಿಚ್ಚುವ ಪಾನಾ ಹಿಡಿದು ಕಾರಿನೊಳಗೆ ತೂರಿದ. ಹಿಂದಿನ ಸೀಟನ್ನೇ ಕಿತ್ತು, ತಲೆಯ ಮೇಲೆ ಹೊತ್ತು ತಂದು ಬೇವಿನ ಗಿಡದ ನೆರಳಿಗೆ ಇಟ್ಟ.

"ಗಾಡಿ ಒಯ್ರಿ. ಈ ಸೀಟ ಮಾತ್ರ ಇಲ್ಲೇ ಇರ್ಲಿ. ಇದರ ರಿಪೇರಿ ಭಾಳ ದಿನದ್ದೈತಿ."

"ಏನಾಗೇತಿ ಅದಕ್ಕ?"

"ನನಗೇನ ಗೊತ್ರಿ? ದಿನಾ ನೀವ ಬಂದು, ಕುಂತು ನೋಡಿ ಹೇಳಬೇಕು."

ಊರಿಗೆಲ್ಲ ತೀರ್ಪು ಕೊಡುತ್ತಿದ್ದ ನಾನು ಹೊಳಬಸಪ್ಪನ ತೀರ್ಪಿಗೆ ತಲೆಬಾಗಿದೆ.

ಶಿವಾಜಿ ತಲೆ ಕೆರೆದ. "ಈಗ ಮನಿಗೆ ಹೋಗೂದರೆ ಹೆಂಗ್ರಿ ಆಯೀ? ನಿಮ್ಮ ಸೀಟ ಇಲ್ಲಲಾ!"

ಮುಂದಿನ ಬಾಗಿಲು ತೆರೆದೆ. ನಮ್ಮ ಯಜಮಾನರು ಎಂದೂ ನನಗೆ ಕೊಡದ ಜಾಗದಲ್ಲಿ, ಸೆರಗು ಬಿಗಿದು, ಕೈಕಾಲು ಮುದುಡಿ, ಥೇಟ್ ಸೀರೆಗಂಟಿನಂತೆಯೇ ತೆಪ್ಪಗೆ ಕೂತು ಮನೆಗೆ ಬಂದೆ!